ಒಂದು ಪ್ರಶ್ನಾರ್ಥಕ ಚಿಹ್ನೆ ಮತ್ತು ಮಾದಮ್ಮನ ಆಡುಗಳು

ಅಥವಾ ಅವತ್ತು ಬಿಸಿಲೇ ಇರಲಿಲ್ಲವೋ ಏನೋ. ಬಿಸಿಲಿತ್ತು, ಮಾದಮ್ಮ ಹುಣಿಸೆಮರದ ನೆರಳಿನಲ್ಲಿ ಕೂತು ಹಣ್ಣಿನ ಬೀಜ ಬಿಡಿಸುತ್ತಿದ್ದರು, ನಾನು ಮಂಡಿಯ ಮೇಲೆ ನೋಟ್‌ಬುಕ್ ಇಟ್ಟುಕೊಂಡಿದ್ದೆ ಎಂದು ಇಪ್ಪತ್ತು ವರ್ಷದಿಂದ ಕಂಡಕಂಡವರ ಮುಂದೆ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಆ ಬಿಸಿಲು ಎಷ್ಟು ಗಟ್ಟಿಯಾಗಿದೆಯೆಂದರೆ, ಈಗ ಅದನ್ನು ತೆಗೆದರೆ ಮರದ ನೆರಳೂ ಹೋಗಿ, ನೆರಳಿನಲ್ಲಿ ಕೂತಿದ್ದ ಮಾದಮ್ಮನೂ ಹೋಗಿ, ಕೊನೆಗೆ ಕಥೆ ಹೇಳುವ ನಾನೊಬ್ಬನೇ ಉಳಿಯುತ್ತೇನೆ. ನೆನಪನ್ನು ನಾನು ನಂಬುವವನಲ್ಲ. ಚೊಕ್ಕವಾಗಿ ಮಡಿಸಿಟ್ಟ ನೆನಪನ್ನಂತೂ ಸುತರಾಂ ನಂಬುವುದಿಲ್ಲ. ನಮ್ಮ ಕೊಳ್ಳೇಗಾಲದ ರೇಷ್ಮೆ ಸೀರೆಯ ಹಾಗೆ ಅದು ಮೊದಲು ಹರಿಯುವುದು ಮಡಿಕೆಯಲ್ಲೇ.

ಆದರೆ ನೋಟ್‌ಬುಕ್ ಸುಳ್ಳು ಹೇಳುವುದಿಲ್ಲವಷ್ಟೆ. ಹನೂರಿನಿಂದ ಬೆಟ್ಟದ ಕಡೆ ತಿರುಗುವ ದಾರಿಯ ಒಂದು ಸಣ್ಣ ಹಟ್ಟಿಯಲ್ಲಿ ಆಡು ಸಾಕಿಕೊಂಡಿದ್ದ ಮಾದಮ್ಮನನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: ಕಾಡಿನಲ್ಲಿ ಗುಂಪುಕಟ್ಟಿಕೊಂಡು ಬಂದು ಆಡು ಹಿಡಿಯುವ ಆ ಕೆಂಚು ನಾಯಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ಅವರ ಉತ್ತರ ನನ್ನದೇ ಅಕ್ಷರದಲ್ಲಿದೆ: ತೋಳ. ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಎರಡನೆಯ ಗೆರೆ ಕಾಗದ ಹರಿಯುವಷ್ಟು ಒತ್ತಿ ಬಿದ್ದಿದೆ. ಅಷ್ಟು ಸಿಟ್ಟು ಯಾಕೆ ಬಂದಿತ್ತೆಂದು ಹೇಳಿಬಿಡುತ್ತೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಪುಸ್ತಕದ ಕನ್ನಡದಲ್ಲಿ ನಾವು ಸೀಳುನಾಯಿ ಎನ್ನುವ ಈ ಪ್ರಾಣಿಗೆ ಇಂಗ್ಲಿಷಿನವರು ಇಟ್ಟುಕೊಂಡಿರುವ ಹೆಸರು ಢೋಲ್. ಇಂಗ್ಲಿಷ್ ಬರವಣಿಗೆಯಲ್ಲಿ ಆ ಪದದೊಳಗೆ ಉಚ್ಚಾರಕ್ಕೆ ಬಾರದ ಎಚ್ ಅಕ್ಷರವೊಂದು ಸುಮ್ಮನೆ ಕೂತಿರುತ್ತದೆ, ಮದುವೆಮನೆಗೆ ಬಂದು ಯಾರ ಕಡೆಯವರೆಂದು ಹೇಳದೆ ಊಟ ಮಾಡಿ ಹೋಗುವವರ ಹಾಗೆ. ಈ ಪದ ಎಲ್ಲಿಂದ ಬಂತು? ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಕಾಲದಲ್ಲಿ ಲೈಬ್ರರಿಯ ದಪ್ಪ ನಿಘಂಟು ತೆಗೆದು ನೋಡಿದೆ. ಮೂಲ ತಿಳಿಯದು ಎಂದು ಕೈತೊಳೆದುಕೊಂಡಿತ್ತು. ಇನ್ನೊಂದು ನಿಘಂಟು ಕನ್ನಡದ ತೋಳದಿಂದ ಬಂದಿರಬಹುದೇನೋ ಎಂದು ಗೊಣಗಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ನಿಲ್ಲಿಸಿತ್ತು. ಅದೇ ನಿಘಂಟು ಇಂಗ್ಲಿಷಿನ ಕ್ಯಾಟಮರಾನಿಗೆ ತಮಿಳಿನ ಕಟ್ಟುಮರವನ್ನು ತಾಯಿಯಾಗಿ ಹುಡುಕಿ ಕೊಟ್ಟಿದೆ. ಹೆಗ್ಗಣದ ಇಂಗ್ಲಿಷ್ ಹೆಸರಾದ ಬ್ಯಾಂಡಿಕೂಟಿಗೆ ತೆಲುಗಿನ ಪಂದಿಕೊಕ್ಕನ್ನು ತಾಯಿಯೆಂದು ಒಪ್ಪಿಕೊಂಡಿದೆ. ಹೆಗ್ಗಣಕ್ಕೂ ವಂಶವೃಕ್ಷವಿದೆ, ಸ್ವಾಮಿ! ಕನ್ನಡಕ್ಕೆ ಸಿಕ್ಕಿದ್ದು ಮಾತ್ರ ಬಾಗಿದ ಬೆನ್ನಿನ, ಕಾಲ ಕೆಳಗೆ ಚುಕ್ಕಿ ಬೀಳಿಸಿಕೊಂಡಿರುವ ಒಂದು ಚಿಹ್ನೆ. ನನ್ನ ಅಮ್ಮನ ಕಡೆಯವರು ಯಾರೆಂದು ಸಂಶಯವಿದೆ ಎಂದು ಯಾರೋ ಪಡಿತರ ಚೀಟಿಯಲ್ಲಿ ಬರೆದಷ್ಟು ಅವಮಾನವಾಯಿತು.

ಸಂಶಯಕ್ಕೆ ಅವರು ಕೊಡುವ ಕಾರಣ ಏನೆಂದರೆ, ತೋಳ ಬೇರೆ, ಸೀಳುನಾಯಿ ಬೇರೆ; ಸೀಳುನಾಯಿಯನ್ನು ತೋಳ ಎನ್ನುವವರು ಎಲ್ಲೂ ಸಿಕ್ಕಿಲ್ಲ. ಎಲ್ಲೂ ಅಂದರೆ ಎಲ್ಲಿ? ಇವರೇನು ಹನೂರಿನ ಬಸ್ಸು ಹತ್ತಿದ್ದರೆ? ನಾನು ಹತ್ತಿದೆ. ಮಾರ್ಟಳ್ಳಿಯಲ್ಲಿ ಕೇಳಿದರೆ 'ಸೆನ್ನಾಯ್' ಎಂದು ತಮಿಳಿನಲ್ಲಿ ಹೇಳಿದರು. ಯಳಂದೂರಿನ ಕಡೆ ಕಾಡುನಾಯಿ ಎಂದರು. ಕೊನೆಗೆ ಮಾದಮ್ಮ ತೋಳ ಎಂದರು. ನಿಘಂಟಿನವರಿಗೆ ಬೇಕಾಗಿದ್ದ ಒಂದು ಬಾಯಿ ಸಿಕ್ಕಿತ್ತು. ಪತ್ರ ಬರೆದೆ, ಉತ್ತರ ಬರಲಿಲ್ಲ. ಲೇಖನ ಬರೆದೆ, ಕಾಲೇಜಿನ ಸ್ಮರಣ ಸಂಚಿಕೆಯಲ್ಲಿ ಸೋಪಿನ ಜಾಹೀರಾತಿನ ಪಕ್ಕ ಅಚ್ಚಾಯಿತು. ಭಾಷಣದಲ್ಲಿ ಹೇಳಿದೆ, ಮದುವೆಯ ಪಂಕ್ತಿಯಲ್ಲಿ ಹೇಳಿದೆ, ನನ್ನ ಹೆಂಡತಿ ನೆಂಟರಿಗೆ ಕಾಫಿ ಕೊಡುವಾಗ ಮುಂಚಿತವಾಗಿಯೇ 'ನಾಯಿ ವಿಷಯ ಎತ್ತಬೇಡಿ' ಎಂದು ಎಚ್ಚರಿಸುವ ಮಟ್ಟಕ್ಕೆ ಹೇಳಿದೆ. ಒಬ್ಬ ಮನುಷ್ಯ ಬದುಕಿನಲ್ಲಿ ತನ್ನದೆಂದು ಹೇಳಿಕೊಳ್ಳುವ ಒಂದು ಕೆಲಸ ಮಾಡಿರುತ್ತಾನಲ್ಲ, ನನ್ನದು ಇದು. ಉಳಿದದ್ದೆಲ್ಲ ಹಾಜರಿ ಕರೆದದ್ದು.

ಹೀಗಿರುವಾಗ ಕಳೆದ ತಿಂಗಳು ಸಿದ್ದರಾಜು ಬಂದ. ಸಿದ್ದರಾಜು ನನ್ನ ಹಳೆಯ ವಿದ್ಯಾರ್ಥಿ, ನಲವತ್ತು ದಾಟಿದ್ದಾನೆ, ಕೊಳ್ಳೇಗಾಲದಲ್ಲಿ ಇನ್ನೂ ಕುಂಚ ಹಿಡಿದು ಬೋರ್ಡು ಬರೆಯುವ ಇಬ್ಬರು ಮೂವರಲ್ಲಿ ಒಬ್ಬ. ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಯಾರೋ ಕಟ್ಟಿಸಿರುವ ಹೊಸ ಲಾಡ್ಜೊಂದರ ಕಾಂಪೌಂಡು ಗೋಡೆಯ ಮೇಲೆ ಕಾಡುಪ್ರಾಣಿಗಳ ಚಿತ್ರ ಬರೆದು ಕೆಳಗೆ ಹೆಸರು ಬರೆಯುವ ಕೆಲಸ ಅವನಿಗೆ ಸಿಕ್ಕಿತ್ತು. ಅವರು ಕೊಟ್ಟ ಹೆಸರುಗಳ ಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟ.

'ಸಾ, ಇದೊಂದು ಅರ್ಥಾಗ್ನಿಲ್ಲ. ಆನೆ, ಹುಲಿ, ಕಡವೆ ಎಲ್ಲಾ ಬರ್ದೆ. ಇಲ್ಲಿ ಢೋಲ್ ಅಂತದೆ. ಡೋಲು ಬರೀಬೇಕಾ ಸಾ? ಬಡಿಯೋನೂ ಬೇಕಾ, ಬರೀ ಡೋಲು ಸಾಕಾ?'

ನನಗೆ ನಗು ಬರಲಿಲ್ಲ. ಕನ್ನಡ ಅಕ್ಷರದಲ್ಲಿ, ಕನ್ನಡದ ನೆಲದ ಗೋಡೆಯ ಮೇಲೆ, ನಮ್ಮಿಂದಲೇ ಹೋದ ಮಾತು ವೇಷ ಹಾಕಿಕೊಂಡು ಪರದೇಶಿಯಾಗಿ ಮರಳಿ ಬಂದು ನಿಂತಿದೆ! ಅದಕ್ಕೆ ನಾವು ಬಾಗಿಲು ತೆಗೆದು 'ತಾವು ಯಾರ ಪೈಕಿ?' ಎಂದು ಕೇಳುತ್ತಿದ್ದೇವೆ! ಸಿದ್ದರಾಜುವಿಗೆ ಅರ್ಧಗಂಟೆ ಪಾಠ ಮಾಡಿದೆ. 'ತೋಳ ಅಂತ ಬರಿ' ಎಂದೆ.

ಅವನು ತಲೆ ಕೆರೆದುಕೊಂಡ. 'ಬೈಬೇಡಿ ಸಾ. ತೋಳ ಅಂದ್ರೆ ಬಯಲುಸೀಮೇಲಿ ಕುರಿ ಹಿಡಿಯೋದು ಅಲ್ವಾ? ಬಣ್ಣನೇ ಬೇರೆ. ನೋಡ್ದೋರು ನನ್ನ ಉಗೀತರೆ, ನಿಮ್ಮನ್ನಲ್ಲ.'

'ಮಾದಮ್ಮ ಹೇಳಿದ್ದಾರೆ.'

'ಅವ್ರು ಬದ್ಕವ್ರಾ ಸಾ?'

ಎಷ್ಟು ಒರಟು ಪ್ರಶ್ನೆ! ಇದ್ದಾರೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಒಬ್ಬರ ಮಾತನ್ನು ಊರೂರಿಗೆ ಹೊತ್ತು ತಿರುಗಿದವನು ಒಮ್ಮೆಯೂ ಹಿಂದಿರುಗಿ ಹೋಗಿ ಅವರನ್ನು ನೋಡಿರಲಿಲ್ಲ. 'ನಡಿ, ಹೋಗೋಣ. ಅವರ ಬಾಯಲ್ಲೇ ಕೇಳುವಿಯಂತೆ' ಎಂದೆ. ಕಾಂಪೌಂಡಿನ ಮೇಲಿನ ಎರಡು ಅಕ್ಷರವಲ್ಲ ಈಗ ಪ್ರಶ್ನೆ; ಮಾದಮ್ಮ ಇನ್ನೊಮ್ಮೆ ತೋಳ ಎಂದರೆ ನಾನು ಉಳಿದೆ, ಇಲ್ಲವಾದರೆ ನನ್ನ ಬದುಕಿನ ಒಂದೇ ಒಂದು ಕೆಲಸ ಹೋಯಿತು. ಹಳೆಯ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಅವನ ಸ್ಕೂಟರಿನ ಹಿಂದೆ ಕೂತೆ.

ಮಾದಮ್ಮ ಇದ್ದರು. ಬೆನ್ನು ಬಾಗಿತ್ತು, ಕಣ್ಣು ಚುರುಕಾಗಿತ್ತು. ಹುಣಿಸೆಮರ ಇರಲಿಲ್ಲ, ಇತ್ತೆಂದು ನಾನು ಹೇಳಿದ್ದಕ್ಕೆ 'ಇಲ್ಲಿ ಯಾವತ್ತಿತ್ತು? ಅದು ಆಚೆ ಹಟ್ಟೀಲಿ ಇದ್ದದ್ದು' ಎಂದುಬಿಟ್ಟರು. ಮಡಿಕೆಯಲ್ಲಿ ಮೊದಲ ಹರಕು. ನನ್ನ ಗುರುತು ಅವರಿಗೆ ಹತ್ತಿತೋ ಇಲ್ಲವೋ, ಮರ್ಯಾದೆಗೆ ಹತ್ತಿದಂತೆ ಮಾಡಿದರೋ, ಅದೂ ತಿಳಿಯದು. ಮಜ್ಜಿಗೆ ಕೊಟ್ಟರು. ನಾನು ನೋಟ್‌ಬುಕ್ ತೆರೆದು ತೋರಿಸಿದೆ. ಅವರಿಗೆ ಓದು ಬರುವುದಿಲ್ಲ. ಆದರೂ ಆ ಎರಡು ಗೆರೆಯ ಮೇಲೆ ಬೆರಳಾಡಿಸಿದರು.

'ನೀವೇ ಹೇಳಿದ್ದು ಮಾದಮ್ಮ, ಆ ಕೆಂಚು ನಾಯಿಗೆ ತೋಳ ಅಂತೀವಿ ಅಂತ. ಈ ಹುಡುಗನಿಗೆ ಒಂದು ಸಲ ಹೇಳಿಬಿಡಿ.'

ಮಾದಮ್ಮ ಬೆಟ್ಟದ ಕಡೆ ನೋಡಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

'ತೋಳ ಅಂದಿದ್ನಾ? ಅಂದಿರ್ತೀನಿ ಬುಡಿ. ಆಡು ಬೆಟ್ಟುಕ್ಕೋಗಿರೋವಾಗ ಅದ್ರ ಎಸ್ರ ಯೋಳಾರಾ ಮೇಷ್ಟ್ರೆ? ಕರ‍್ದಂಗಾಯ್ತದೆ. ಅದ್ಕೇ ತೋಳ ಅನ್ನೋದು.'

'ತೋಳ ಅಂದರೆ ತೋಳ ಬರುವುದಿಲ್ಲವೆ?'

'ಈ ಬೆಟ್ಟದಲ್ಲಿ ತೋಳ ಎಲ್ಲದೆ? ಇಲ್ದೇ ಇರೋದ್ನ ಕರೆದ್ರೆ ಯಾರ್ ಬಂದರು?'

ಸಿದ್ದರಾಜು ತೊಡೆ ತಟ್ಟಿಕೊಂಡು ನಕ್ಕ. 'ಯವ್ವಾ, ಸರಿಯಾಗದೆ ಕಣವ್ವ! ಸಾಲ ಕೊಟ್ಟೋನು ಬಾಗ್ಲಿಗೆ ಬಂದಾಗ ಸತ್ತೋಗಿರೋ ತಾತನ ಎಸ್ರ ಯೋಳಿ ಅವ್ನ ಕೇಳೋಗು ಅಂದಂಗೆ.'

'ಸುಮ್ಕಿರ‍್ಲಾ. ಇಂವ ಯಾರ ಮಗ ಮೇಷ್ಟ್ರೆ, ಬಾಯಿ ಬಾಳಾ ದೊಡ್ದು' ಎಂದು ಮಾದಮ್ಮ ಅವನಿಗೆ ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿದರು.

ನನಗೆ ಮಾತ್ರ ಮೈ ಉರಿಯಿತು. ಯಾರ ಮೇಲೆ? ಮಾದಮ್ಮನ ಮೇಲೆ ಎಂದು ಬರೆದು ಹೊಡೆದುಹಾಕುತ್ತಿದ್ದೇನೆ. ಈ ಪದ್ಧತಿ ನನಗೆ ಗೊತ್ತಿರಲಿಲ್ಲವೆ? ಬೆಟ್ಟದ ಜನ ಹುಲಿಯನ್ನು ಹುಲಿ ಎನ್ನದೆ ದೊಡ್ಡನಾಯಿ ಎನ್ನುತ್ತಾರೆಂದು ತರಗತಿಯಲ್ಲಿ ಪಾಠ ಮಾಡಿದವನೇ ನಾನು. ನಮ್ಮ ಮನೆಯಲ್ಲಿ ಅಮ್ಮ ದೀಪ ಹಚ್ಚಿದ ಮೇಲೆ ಉಪ್ಪನ್ನು ರುಚಿ ಎನ್ನುತ್ತಿದ್ದಳು, ಹಾವನ್ನು ಹುಳ ಎನ್ನುತ್ತಿದ್ದಳು. ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚಿದೆ' ಎಂದು ಅಪ್ಪನಿಗೆ ಹೇಳುವಳು. ಅಪ್ಪ ಮಗ್ಗದಿಂದ ಎದ್ದು ಒಂದು ಮಾತೂ ಕೇಳದೆ ಚೀಲ ತೆಗೆದುಕೊಂಡು ಅಂಗಡಿಗೆ ಹೋಗುವನು. ಹೊಸ್ತಿಲು ದಾಟಿ ಹೋಗುವವರೆಲ್ಲ 'ಬರ್ತೀನಿ' ಎನ್ನುವ ನಾಡು ಇದು. ಆ ಕ್ಷಣದಲ್ಲಿ ಪೆನ್ನು ಹಿಡಿದು ನಿಂತ ಪರಸ್ಥಳದವನೊಬ್ಬ, ಕನ್ನಡದಲ್ಲಿ 'ಬರು' ಎಂದರೆ ಹೊರಟುಹೋಗು ಎಂದು ಬರೆದುಕೊಂಡರೆ ಅವನನ್ನು ನೋಡಿ ನಾವು ನಗುವುದಿಲ್ಲವೆ? ಹನೂರಿನ ಬಸ್ಸು ಹತ್ತಿ ಹೋಗಿ ನಾನು ಮಾಡಿದ್ದು ಅದನ್ನೇ. ಮಾತು ಬರೆದುಕೊಂಡೆ. ಯಾವಾಗ ಆಡಿದ ಮಾತು, ಆಗ ಆಡುಗಳು ಎಲ್ಲಿದ್ದವು ಎಂಬುದನ್ನು ಬರೆದುಕೊಳ್ಳಲಿಲ್ಲ.

ಆದರೂ ಸೋಲೊಪ್ಪಲು ಮನಸ್ಸಿಲ್ಲ. 'ಮಾದಮ್ಮ, ಆಡು ದೊಡ್ಡಿಯೊಳಗೇ ಇದ್ದಾಗ ಏನಂತೀರಿ?'

'ಅವಾಗ ಅದ್ರ ಎಸ್ರೇ ಯೋಳ್ತೀವಿ.'

'ಆ ಹೆಸರು ತೋಳವೇ ಇರಬಹುದಲ್ಲ?'

'ಇರ್ಬೋದು, ಇಲ್ದೆ ಇರ್ಬೋದು. ಈಗ ಆಡು ಆಚೆ ಅವೆ. ನಾನು ಒಂದೂ ಯೋಳಾಕಿಲ್ಲ.' ಆಮೇಲೆ ಅವರು ನನ್ನನ್ನೇ ಕೇಳಿದರು: 'ನೀವು ಅವತ್ತು ಬಂದಾಗ ಆಡು ಒಳಗಿದ್ವಾ, ಆಚೆ ಇದ್ವಾ? ನೀವು ಓದ್ದೋರು, ನಿಮಗೆ ಗ್ಯಾನ ಇರ್ಬೇಕಲ್ಲ.'

ಅವತ್ತಿನ ಅಂಗಳವನ್ನು ನೆನಪಿಗೆ ತಂದುಕೊಳ್ಳಲು ಪ್ರಯತ್ನಪಟ್ಟು ನೋಡಿದೆ. ಒಂದು: ಆಡುಗಳು ಬೆಟ್ಟಕ್ಕೆ ಹೋಗಿವೆ, ಅಂಗಳ ಖಾಲಿ, ಮಾದಮ್ಮನ ಗಂಡ ಕೋಲು ಹಿಡಿದು ಹಿಂದೆ ಹೋಗಿದ್ದಾನೆ, ಮಾದಮ್ಮ ಬೆಟ್ಟದ ಕಡೆ ಒಮ್ಮೆ ನೋಡಿ 'ತೋಳ' ಎನ್ನುತ್ತಾರೆ. ಎರಡು: ಆಡುಗಳು ದೊಡ್ಡಿಯಲ್ಲಿವೆ, ಮೂಗಿಗೆ ಗಮ್ಮೆನ್ನುವ ವಾಸನೆ, ಮಾದಮ್ಮ ಬೆನ್ನಿನ ಹಿಂದೆ ಕೈ ಮಾಡಿ ತೋರಿಸಿ 'ತೋಳ' ಎನ್ನುತ್ತಾರೆ. ಎರಡೂ ಒಂದೇ ಸಮನಾಗಿ ನೆನಪಾಗುತ್ತವೆ. ಅಂದರೆ ಎರಡನ್ನೂ ನಾನೇ ಈಗ ಕಟ್ಟುತ್ತಿದ್ದೇನೆ. ಆಗ ಸಿದ್ದರಾಜು ನೋಟ್‌ಬುಕ್ಕನ್ನು ಎತ್ತಿ ಹಿಡಿದ. ಆ ಪುಟದ ಮೂಲೆ ಇಲ್ಲ. ಏನೋ ಕಚ್ಚಿ ತಿಂದ ಗುರುತು.

'ಸಾ, ಆಡು ತಿಂದದೆ! ಆಡು ಒಳಗೇ ಇದ್ವು!'

ನಾನು ಎದ್ದು ನಿಂತೇಬಿಟ್ಟೆ. ಮಾದಮ್ಮ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಅಂಗಳದ ಮೂಲೆಗೆ ಬೆರಳು ತೋರಿಸಿದರು. ಅಲ್ಲಿ ಕವುಚಿ ಹಾಕಿದ್ದ ದೊಡ್ಡ ಬುಟ್ಟಿಯ ಸಂದಿಯಿಂದ ಎರಡು ಮರಿಗಳ ಮೂತಿ ಕಾಣುತ್ತಿತ್ತು. ತಾಯಿಗಳು ಬೆಟ್ಟಕ್ಕೆ ಹೋದಾಗಲೂ ಎಳೆಮರಿಗಳು ಮನೆಯಲ್ಲೇ ಇರುತ್ತವೆ. 'ಮರಿ ತಿಂದಿರ್ಬೋದು. ಇಲ್ಲಾ ನಿಮ್ಮನೇಲಿ ಇಲಿ ತಿಂದಿರ್ಬೋದು' ಎಂದರು. ಕೂತುಕೊಂಡೆ.

'ಸಂಜೆಗಂಟ ಇರಿ ಮೇಷ್ಟ್ರೆ. ಸೊಸೆ ಆಡು ಹೊಡ್ಕಂಡು ಬತ್ತಳೆ. ಎಲ್ಲಾ ಒಳಕ್ಕಾಕಿ ಬಾಗ್ಲು ಕಟ್ಟುದ್ಮೇಲೆ ಯೋಳ್ತೀನಿ.'

ಕಾದೆವು. ಕಾಯುವಾಗ ನನಗೆ ಹಳೆಯ ಕಾಲದ ಇಂಗ್ಲಿಷ್ ದೊರೆಯೊಬ್ಬ ಕಾಣಿಸತೊಡಗಿದ. ಕುದುರೆಯ ಮೇಲೆ ಇದೇ ದಾರಿಯಲ್ಲಿ ಬಂದಿದ್ದಾನೆ, ಕೆಂಚು ನಾಯಿಗಳ ಹಿಂಡು ನೋಡಿದ್ದಾನೆ, ದಾರಿಯಲ್ಲಿ ಸಿಕ್ಕ ಮಾದಮ್ಮನ ಮುತ್ತಜ್ಜಿಯ ಮುತ್ತಜ್ಜಿಯನ್ನು ಹೆಸರು ಕೇಳಿದ್ದಾನೆ, ಅವಳ ಆಡುಗಳು ಬೆಟ್ಟದಲ್ಲಿವೆ, ಅವಳು ಇಲ್ಲದ ಪ್ರಾಣಿಯ ಹೆಸರು ಹೇಳಿ ಅವನನ್ನು ಸಾಗಹಾಕಿದ್ದಾಳೆ, ಅವನು ಅದನ್ನು ಬರೆದುಕೊಂಡು ಹಡಗು ಹತ್ತಿಸಿದ್ದಾನೆ. ಎಷ್ಟು ಚೆನ್ನಾಗಿ ಕೂರುತ್ತದೆ! ಪದ ಯಾಕೆ ಕನ್ನಡದ್ದು, ಆದರೂ ಕನ್ನಡದವರು ಯಾರೂ ಆ ನಾಯಿಯನ್ನು ಹಾಗೆ ಕರೆಯುವುದಿಲ್ಲ ಯಾಕೆ, ಎರಡಕ್ಕೂ ಒಂದೇ ಉತ್ತರ. ಇಷ್ಟು ಚೆನ್ನಾಗಿ ಕೂರುವುದರಿಂದಲೇ ಆ ದೊರೆಯನ್ನು ಅಲ್ಲೇ ಕುದುರೆಯಿಂದ ಇಳಿಸಿ ಕಳುಹಿಸಿಬಿಟ್ಟೆ. ಅವನಿಗೂ ಸಾಕ್ಷಿಯಿಲ್ಲ. ಅವನೂ ನನ್ನ ಹುಣಿಸೆಮರದ ನೆಂಟನೇ.

ಬಿಸಿಲು ಇಳಿಯುವ ಹೊತ್ತಿಗೆ ಆಡುಗಳು ಬಂದವು. ಸೊಸೆ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದು ಒಂದೊಂದನ್ನೇ ಒಳಗೆ ಬಿಟ್ಟಳು. ಮಾದಮ್ಮ ಎಣಿಸಲಿಲ್ಲ, ಬರೀ ಮುಖ ನೋಡುತ್ತಿದ್ದರು. ಕೊನೆಯದು ಒಳಗೆ ಹೋದ ಮೇಲೂ ದಾರಿಯನ್ನೇ ನೋಡುತ್ತ ನಿಂತರು.

'ಮೋಟುಕಿವಿ ಎಲ್ಲವ್ವ?'

ಸೊಸೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. 'ಹಳ್ಳದ ತಾವ ಇತ್ತು ಅತ್ತೆ. ಸಿಳ್ಳೆ ಕೇಳುಸ್ತು. ಎಲ್ಲಾ ಬೆದರ್ಕಂಡು ಓಡುದ್ವು. ಒಟ್ಟು ಮಾಡ್ಕಂಡು ನೋಡುದ್ರೆ ಅದೊಂದಿಲ್ಲ. ಕೂಗುದೆ, ಕೂಗುದೆ...'

ಮನುಷ್ಯರ ಸಿಳ್ಳೆಯೋ ಎಂದು ಸಿದ್ದರಾಜು ಕೇಳಬೇಕೆಂದಿದ್ದವನು ಬಾಯಿ ಮುಚ್ಚಿಕೊಂಡ. ಸೀಳುನಾಯಿಗಳು ಬೊಗಳುವುದಿಲ್ಲ, ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ. ಅಲ್ಲಿದ್ದ ನಾಲ್ವರಿಗೂ ಅದು ಗೊತ್ತು. ನಾಲ್ವರಲ್ಲಿ ಯಾರೂ ಅದರ ಹೆಸರು ಹೇಳಲಿಲ್ಲ. ಬುಟ್ಟಿಯೊಳಗೆ ಮೋಟುಕಿವಿಯ ಎರಡು ಮರಿಗಳು ಹಾಲಿಗೆ ಅರಚುತ್ತಿದ್ದವು. ಮಾದಮ್ಮ ಬೇರೊಂದು ತಾಯಾಡನ್ನು ಕಾಲ ನಡುವೆ ಹಿಡಿದು ಮರಿಗಳನ್ನು ಅದರ ಕೆಚ್ಚಲಿಗೆ ಬಿಟ್ಟರು, ಅದು ಒದೆಯಿತು, ಮತ್ತೆ ಹಿಡಿದರು.

ಆಗ ನಾನು ಏನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಚೀಲದಿಂದ ಪೆನ್ನು ತೆಗೆದಿದ್ದೆ. ಆಡುಗಳು ಒಳಗೆ ಬಂದಿವೆಯಲ್ಲ, ಬಾಗಿಲು ಕಟ್ಟಿದ್ದಾರಲ್ಲ ಎಂದು ಕೇಳುವವನಿದ್ದೆ. ಕೇಳಿದೆನೋ, ಕೇಳುವ ಮುಖ ಮಾಡಿದೆನೋ, ಮಾದಮ್ಮ ತಲೆ ಎತ್ತದೆ ಹೇಳಿದರು:

'ಒಂದು ಇನ್ನೂ ಆಚೆ ಅದೆ ಮೇಷ್ಟ್ರೆ.'

ವಾಪಸು ಬರುವಾಗ ಹನೂರಿನಲ್ಲಿ ಸ್ಕೂಟರ್ ನಿಲ್ಲಿಸಿದೆವು. ಅಲ್ಲಿ ಟೀ ಕುಡಿಯುತ್ತ ಸಿದ್ದರಾಜು 'ಏನ್ ಬರೀಲಿ ಸಾ?' ಎಂದು ಕೇಳಿದ. ನಿನಗೆ ತೋಚಿದ್ದು ಬರಿ ಎಂದೆ. ಇಪ್ಪತ್ತು ವರ್ಷದಲ್ಲಿ ಈ ವಿಷಯಕ್ಕೆ ನಾನು ಕೊಟ್ಟ ಅತ್ಯಂತ ಚಿಕ್ಕ ಉತ್ತರ ಅದು.

ಅವನು ನಾಯಿಯನ್ನು ಬರೆದಿದ್ದಾನೆ. ನಾನು ಹೋಗಿ ನೋಡಿಬಂದೆ. ಕೆಂಚು ಮೈ, ಕಪ್ಪು ಬಾಲ, ಒಂದು ಕಾಲು ಎತ್ತಿ ಕಿವಿಗೊಟ್ಟು ನಿಂತ ಭಂಗಿ. ಆನೆ ಹುಲಿಗಳಿಗಿಂತ ಅದೇ ಚೆನ್ನಾಗಿ ಬಂದಿದೆ. ಕೆಳಗೆ ಹೆಸರಿನ ಜಾಗ ಖಾಲಿ. ಲಾಡ್ಜಿನವರು ಕೇಳಿದಾಗಲೆಲ್ಲ 'ಬಣ್ಣ ಒಣಗ್ಲಿ ಸಾ' ಎನ್ನುತ್ತಾನಂತೆ. ಬಣ್ಣ ಒಣಗಿ ಮೂರು ವಾರವಾಯಿತು. ಇಪ್ಪತ್ತು ವರ್ಷ ನಿಘಂಟಿನ ಖಾಲಿ ಜಾಗದ ಮೇಲೆ ಉರಿದುಬಿದ್ದವನು ಈ ಖಾಲಿ ಜಾಗದ ಮುಂದೆ ಬಾಯಿ ಬಿಡದೆ ನಿಂತು ಬಂದೆ. ನಿಘಂಟಿನವರ ಮೇಲೆ ಸಿಟ್ಟು ಈಗಲೂ ಇದೆ. ಒಂದೇ ಒಂದು ಬದಲಾವಣೆ: ಅವರು ಉತ್ತರ ಬರೆಯದಿದ್ದುದಕ್ಕೆ ಸಿಟ್ಟು, ತಿಳಿಯದು ಎಂದು ಬರೆದದ್ದಕ್ಕಲ್ಲ.

ಮಾದಮ್ಮನ ಸೊಸೆಯ ನಂಬರಿಗೆ ಎರಡು ಸಲ ಫೋನು ಮಾಡಿದೆ. ಮೊದಲ ಸಲ, ನಾಲ್ಕನೆಯ ದಿನ, ಮೋಟುಕಿವಿ ಬಂತಾ ಎಂದು ಕೇಳಿದ್ದಕ್ಕೆ ಮಾದಮ್ಮ 'ಇನ್ನೂ ಬಂದಿಲ್ಲ' ಎಂದರು. ಎರಡನೆಯ ಸಲ, ಹದಿನೈದು ದಿನ ಕಳೆದ ಮೇಲೆ ಕೇಳಿದೆ. ಮರಿಗಳು ಈಗ ಆ ಇನ್ನೊಂದು ಆಡಿನ ಹಾಲು ಕುಡಿಯುತ್ತವೆ, ಅದು ಒದೆಯುವುದನ್ನು ಬಿಟ್ಟಿದೆ ಎಂದು ಹೇಳಿದರು. ಮೋಟುಕಿವಿ? 'ಇನ್ನೂ ಬಂದಿಲ್ಲ ಮೇಷ್ಟ್ರೆ.' ಹೋಯಿತು ಎನ್ನಲಿಲ್ಲ. ಆ ನಾಯಿಯ ಹೆಸರನ್ನು ಅವರು ಹೇಳಿದ ದಿನ ಆಡು ಹೋಯಿತೆಂದು ಒಪ್ಪಿಕೊಂಡ ಹಾಗೆ. ಆಮೇಲೆ ನಾನು ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ.

ಅವತ್ತು, ಆ ಮೊದಲ ದಿನ, ಬಿಸಿಲಿತ್ತೋ ಇಲ್ಲವೋ ಎಂದು ಶುರುಮಾಡಿದೆ. ಬಿಸಿಲಿನ ಮಾತು ಹಾಗಿರಲಿ. ಮಾದಮ್ಮ ತೋಳ ಎಂದದ್ದು ನಿಜ. ಆಗ ಆಡುಗಳು ಎಲ್ಲಿದ್ದವು, ನನಗೆ ಗೊತ್ತಿಲ್ಲ.